ಅಳತೆಗೆ ಸಿಗದ ಮಿಂಚು

ವಿಮಾನ ನಿಲ್ದಾಣದ ಹಿಂಬದಿಯಲ್ಲಿ, ಹ್ಯಾಂಗರಿನ ಗೋಡೆಗೆ ಆತುಕೊಂಡಂತೆ ಕಟ್ಟಿದ್ದ ಉಪಕರಣಗಳ ಕಾರ್ಯಾಗಾರದಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಮೊದಮೊದಲು ಮುಖ ಸಿಂಡರಿಸಿದಳು, ಆಮೇಲೆ ಒಗ್ಗಿಹೋಯಿತು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬಳಿಗೇ, ಅವಳ ತಂಗಿಗೆ. ತಂಗಿ ದಿನಕ್ಕೆ ಹತ್ತಾರು ಸಲ ಹ್ಯಾಂಗರಿನ ಆ ತುದಿಯಿಂದ "ಅಕ್ಕಾ" ಎಂದು ಕೂಗು ಹಾಕುತ್ತಿದ್ದದ್ದರಿಂದ ಉಳಿದವರ ಬಾಯಿಗೂ ಅದೇ ಹತ್ತಿಕೊಂಡಿತ್ತು.

ಅಕ್ಕನ ಕೆಲಸ ಹರಳುಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚುವುದು. ಕೇಳಲಿಕ್ಕೆ ಇಷ್ಟೇ. ಆದರೆ ಆ ಹರಳು ಮಹಾ ನಾಜೂಕಿನದು. ನೋಡಲು ಗಾಜಿನ ಹಾಗಿದ್ದರೂ ಉಪ್ಪಿನ ಜಾತಿಗೆ ಸೇರಿದ್ದು; ಗಾಳಿಯಲ್ಲಿನ ಪಸೆ ತಾಗಿದರೆ ಸಾಕು, ಹಳದಿಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ಅದಕ್ಕೇ ಕಾರ್ಯಾಗಾರದ ಮೂಲೆಯಲ್ಲೊಂದು ಒಣ ಕೋಣೆ ಇತ್ತು. ಅದರೊಳಗೆ ಹೊತ್ತುಗಟ್ಟಲೆ ಕೂತು ಅಕ್ಕನ ತುಟಿ ಸದಾ ಒಡೆದಿರುತ್ತಿತ್ತು, ಕೈಬೆರಳು ಕಾಗದದಂತೆ ಸರಸರ ಅನ್ನುತ್ತಿತ್ತು. ಗಾಮಾ ಕಿರಣ ಬಿದ್ದಾಗ ಹರಳು ಒಳಗೊಳಗೇ ಮಿಣುಕ್ ಎನ್ನುತ್ತದೆ. ಹರಳಿನ ಬೆನ್ನಿಗೆ ಕಟ್ಟಿದ ಕೊಳವೆ ಆ ಮಿಣುಕನ್ನು ಎಣಿಸುತ್ತದೆ. ಹರಳು, ಕೊಳವೆ, ತಂತಿ ಎಲ್ಲವನ್ನೂ ಒಂದು ತಗಡಿನ ಡಬ್ಬಿಯಲ್ಲಿ ಜೋಡಿಸಿ, ಬಾಯಿ ಭದ್ರಪಡಿಸಿ, ವಿಮಾನದ ಹೊಟ್ಟೆಯೊಳಗೆ ಕೂರಿಸುವವರೆಗೂ ಅಕ್ಕ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ತಂಗಿ ತದ್ವಿರುದ್ಧ. ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಚಿಕ್ಕ ಆಳು, ಚುರುಕು ಕಣ್ಣು, ಕೂತಲ್ಲಿ ಕೂರದ ಸ್ವಭಾವ. ಹಾಗಾಗಿ ಗುಬ್ಬಿ ಎಂಬ ಹೆಸರು ಬಿತ್ತು. ತಾಯಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು, ಗುಬ್ಬಿ ಇನ್ನೂ ಶಾಲೆಯಲ್ಲಿದ್ದಾಗಲೇ ತೀರಿಕೊಂಡಳು. ಅಕ್ಕ ಕಾಲೇಜು ಬಿಟ್ಟು ಕಾರ್ಯಾಗಾರ ಸೇರಿದಳು. ಶಾಲೆ ಬಿಟ್ಟ ಮೇಲೆ ಗುಬ್ಬಿ ಹ್ಯಾಂಗರಿನ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕಾಯುತ್ತಿದ್ದಳು. ಮೆಕ್ಯಾನಿಕ್ಕುಗಳು ಅವಳ ಕಾಟ ತಾಳಲಾರದೆ ಎತ್ತಿ ವಿಮಾನದ ಚಾಲಕನ ಸೀಟಿನಲ್ಲಿ ಕೂರಿಸಿಬಿಡುತ್ತಿದ್ದರು. ಅಲ್ಲಿ ಕೂತರೆ ಮಾತ್ರ ಅವಳು ಸುಮ್ಮನಿರುತ್ತಿದ್ದಳು. ಅಲ್ಲಿಂದ ಅವಳನ್ನು ಇಳಿಸುವುದು ಯಾರಿಂದಲೂ ಆಗಲಿಲ್ಲ ಎಂದೇ ಹೇಳಬೇಕು. ದೊಡ್ಡವಳಾಗಿ ಹಾರಲು ಕಲಿತಳು, ಕೆಲವು ವರ್ಷ ಅಂಚೆ ಸಾಗಿಸುವ ಪುಟ್ಟ ವಿಮಾನ ಓಡಿಸಿದಳು. ಅಕ್ಕನ ಮದುವೆಯ ಮಾತು ಬಂದಾಗಲೆಲ್ಲ ಅಕ್ಕ, "ಗುಬ್ಬಿ ರೆಕ್ಕೆ ಬಲೀಲಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು. ಗುಬ್ಬಿಯ ರೆಕ್ಕೆ ಬಲಿಯುವ ಹೊತ್ತಿಗೆ ಆ ಮಾತು ಬರುವುದೇ ನಿಂತುಹೋಗಿತ್ತು.

ಗುಬ್ಬಿಯೇ ಮದುವೆಯಾದಳು. ಹುಡುಗ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವವನು. ನಿಧಾನಸ್ಥ. ಅಕ್ಕ ಅವನಿಗೆ ಹಲ್ಲಿನವನು ಎಂದು ಹೆಸರಿಟ್ಟಳು, ಅವನೂ ಬೇಸರಿಸಿಕೊಳ್ಳಲಿಲ್ಲ. "ನಿಮ್ಮನೆಗೆ ಬಂದ್ರೆ ಹಲ್ಲು ಕಿಸಿಯೋಕೂ ಭಯ, ಅಳತೆ ತಗೊಂಡುಬಿಡ್ತೀಯ" ಎಂದು ಅಕ್ಕ ಹಾಸ್ಯ ಮಾಡಿದರೆ, "ನಿಮ್ಮ ಹಲ್ಲು ಗಟ್ಟಿಯಿದೆ ಅತ್ತಿಗೆ, ನಂಗೆ ಲಾಭವಿಲ್ಲ" ಎನ್ನುತ್ತಿದ್ದ.

ಆ ಕಾಲಕ್ಕೆ ಕಾರ್ಯಾಗಾರಕ್ಕೆ ಮೇಷ್ಟ್ರು ಬಂದರು. ಮುಂಚೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು, ಈಗ ಗುಡುಗು ಮೋಡಗಳ ಹಿಂದೆ ಬಿದ್ದಿದ್ದರು. ಮೋಡದ ಮೇಲೆ ಹಾರಲು ಧೈರ್ಯವಿರುವ ಚಾಲಕರು ಬೇಕೆಂದು ಕೇಳಿದಾಗ ಗುಬ್ಬಿ ಹಿಂದುಮುಂದು ನೋಡದೆ ಕೈ ಎತ್ತಿದಳು. ಕ್ಯಾಂಟೀನಿನಲ್ಲಿ ಕೂತು ಮೇಷ್ಟ್ರು ಅವಳಿಗೆ ವಿವರಿಸಿದ್ದನ್ನು ಅಕ್ಕ ಪಕ್ಕದ ಮೇಜಿನಿಂದ ಕೇಳಿಸಿಕೊಂಡಳು.

"ಮೋಡದೊಳಗೆ ಒಂದು ಕಡೆ ಧನ ವಿದ್ಯುತ್ತು, ಇನ್ನೊಂದು ಕಡೆ ಋಣ ವಿದ್ಯುತ್ತು ಒಟ್ಟುಗೂಡುತ್ತೆ ನೋಡು. ನಡುವೆ ಸಿಕ್ಕಿಕೊಂಡ ಎಲೆಕ್ಟ್ರಾನಿನ ಗತಿ ಇಳಿಜಾರಲ್ಲಿ ಬ್ರೇಕ್ ಹೋದ ಸೈಕಲ್ಲಿನ ಹಾಗೆ. ಓಡ್ತಾ ಓಡ್ತಾ ಇನ್ನೊಂದಕ್ಕೆ ಗುದ್ದುತ್ತೆ, ಅದೂ ಓಡುತ್ತೆ. ಅವೆರಡೂ ಇನ್ನಷ್ಟಕ್ಕೆ ಗುದ್ದುತ್ವೆ. ಆ ಹುಚ್ಚು ಓಟ ಗಾಳಿಗೆ ಬಡಿದು ಗಾಮಾ ಕಿರಣ ಹುಟ್ಟುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಎಲ್ಲ ಮುಗಿದಿರುತ್ತೆ."

"ಅಂದ್ರೆ ನಕ್ಷತ್ರ ಸಿಡಿದಾಗ ಬರೋ ಕಿರಣ ನಮ್ಮ ತಲೆ ಮೇಲಿನ ಮೋಡದಿಂದ್ಲೂ ಬರುತ್ತಾ?"

"ಬರುತ್ತೆ. ಮೇಲುಗಡೆ ಉಪಗ್ರಹಗಳಿಗೆ ಕಂಡಿದೆ. ಹತ್ತಿರದಿಂದ ನೋಡಿದವರು ಕಡಿಮೆ."

"ಹತ್ತಿರ ಅಂದ್ರೆ ಎಷ್ಟು ಹತ್ತಿರ ಮೇಷ್ಟ್ರೇ?" ಎಂದು ಅಕ್ಕ ಅಲ್ಲಿಂದಲೇ ಕೇಳಿದಳು.

ಮೇಷ್ಟ್ರು ತಿರುಗಿ ನೋಡಿ ನಕ್ಕರು. "ಮೋಡಕ್ಕೆ ತಾಗದಷ್ಟು ದೂರಮ್ಮ. ಅಂಚು ಬಳಸಿಕೊಂಡು ಹೋಗೋದು, ಬರೋದು."

ಎರಡು ಮಳೆಗಾಲ ಹಾಗೇ ಹೋಗಿ ಬಂದರು. ಮುಂದೆ ಗುಬ್ಬಿ, ಹಿಂದೆ ಉಪಕರಣಗಳ ನಡುವೆ ಮೇಷ್ಟ್ರು. ಡಬ್ಬಿಗಳು ಆಗೀಗ ಒಂದಿಷ್ಟು ಹೆಚ್ಚು ಎಣಿಸುತ್ತಿದ್ದವು, ಮೇಷ್ಟ್ರು ಎಣಿಕೆಯ ಏರಿಳಿತ ತೋರಿಸುವ ಗೀಟುಗಳ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದರು. ದೊಡ್ಡದೇನೂ ಸಿಕ್ಕಲಿಲ್ಲ. ಗುಬ್ಬಿ ಇಳಿದು ಬಂದವಳೇ ಒಣ ಕೋಣೆಯ ಕಿಟಕಿ ತಟ್ಟಿ, ಗಾಜಿನ ಆಚೆಯಿಂದ ಮೂತಿ ಉದ್ದ ಮಾಡಿ, ಹೆಬ್ಬೆರಳು ಅಲ್ಲಾಡಿಸಿ ತೋರಿಸುತ್ತಿದ್ದಳು, ಇವತ್ತೂ ಏನಿಲ್ಲ ಅಂತ.

ಮೂರನೇ ಮಳೆಗಾಲದ ಒಂದು ಮುಸ್ಸಂಜೆ ಅದು ಸಿಕ್ಕಿತು. ಮೋಡದ ನೆತ್ತಿ ಅವರು ಅಂದುಕೊಂಡಿದ್ದಕ್ಕಿಂತ ಬೇಗ ಉಕ್ಕಿ ಮೇಲೆದ್ದಿತ್ತು. ಬಳಸಿ ಹೋಗಲು ಗುಬ್ಬಿ ವಿಮಾನ ವಾಲಿಸುವಷ್ಟರಲ್ಲಿ ಆ ಬಿಳಿಯ ಗೋಪುರ ಪಕ್ಕದಲ್ಲೇ ನಿಂತಿತ್ತು. ಅದರ ತುದಿಯಿಂದ ನೀಲಿ ಬೆಳಕಿನ ಎಳೆಯೊಂದು ಆಕಾಶದ ಕಡೆಗೆ ಚಿಮ್ಮಿತು. ಮರುಕ್ಷಣ ವಿಮಾನಕ್ಕೇ ಸಿಡಿಲು ತಾಗಿತು. ಒಳಗೆಲ್ಲ ಬೆಳ್ಳಗೆ. ಮೀಟರುಗಳ ಕೆಲವು ಮುಳ್ಳುಗಳು ನಿಂತುಹೋದವು, ರೇಡಿಯೋ ಗೊರಗೊರ ಎಂದು ಸುಮ್ಮನಾಯಿತು. ಗುಬ್ಬಿ ವಿಮಾನದ ಮೂಗು ತಗ್ಗಿಸಿ, ಮೋಡದಿಂದ ದೂರ ಸರಿದು, ಕಣ್ಣಂದಾಜಿನಲ್ಲೇ ಬಂದು ಇಳಿಸಿದಳು. ಬಾಲದ ತುದಿಯಲ್ಲಿ ಒಂದು ಸುಟ್ಟ ಕಲೆ ಬಿಟ್ಟರೆ ವಿಮಾನಕ್ಕೆ ಏನೂ ಆಗಿರಲಿಲ್ಲ. ವಿಮಾನಕ್ಕೆ ಸಿಡಿಲು ಬಡಿಯುವುದು ಅಪರೂಪದ ಸಂಗತಿಯೂ ಅಲ್ಲ. ಮೆಟ್ಟಿಲಿಳಿದು ಬರುವಾಗಲೂ ಗುಬ್ಬಿಯ ಬಾಯಿ ನಿಂತಿರಲಿಲ್ಲ.

"ಅಕ್ಕ, ನೀಲಿ ಅಂದ್ರೆ ಎಂಥ ನೀಲಿ ಗೊತ್ತಾ? ಗ್ಯಾಸ್ ಒಲೆ ಉರಿ ಇರುತ್ತಲ್ಲ, ಅಂಥದ್ದು. ಆದ್ರೆ ಬೆಟ್ಟದಷ್ಟು ಎತ್ತರ."

ಅಕ್ಕ ಡಬ್ಬಿ ಬಿಚ್ಚಿ ನೋಡಿದಳು. ಹರಳಿಗೆ ಒಂದು ಗೀರೂ ಇಲ್ಲ. ಆದರೆ ಎಣಿಕೆಯ ಗೀಟು ನೆಟ್ಟಗೆ ಮೇಲೇರಿ, ತಟ್ಟನೆ ಸೊನ್ನೆಗೆ ಬಿದ್ದು, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಗಿತ್ತು. ಒಮ್ಮೆಗೇ ಅಷ್ಟೊಂದು ಕಿರಣ ನುಗ್ಗಿದ್ದರಿಂದ ಡಬ್ಬಿಗೆ ಕಣ್ಣು ಕತ್ತಲೆ ಬಂದಂತಾಗಿತ್ತು. ನೂರಾಯಿತೋ, ಕೋಟಿಯಾಯಿತೋ ಅದಕ್ಕೆ ಹೇಳಲು ಬರುವುದಿಲ್ಲ. ಮೇಷ್ಟ್ರು ಆ ಗೀಟು ನೋಡಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಆಮೇಲೆ ಯಾಕೋ ಕೈ ಕೆಳಗಿಟ್ಟು, ಗುಬ್ಬಿಯ ಮುಖ ನೋಡಿದರು, ತಮ್ಮ ಅಂಗೈ ನೋಡಿಕೊಂಡರು. ಮೈಗೆ ಎಷ್ಟು ಕಿರಣ ತಾಗಿತು ಎಂದು ಹೇಳುವ ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಳ್ಳುವ ಪದ್ಧತಿ ಆಗಿನ್ನೂ ಅಲ್ಲಿರಲಿಲ್ಲ. ಅದು ಶುರುವಾದದ್ದು ಮರುವಾರದಿಂದ.

ಕೆಲವು ವರ್ಷ ಏನೂ ಆಗಲಿಲ್ಲ. ಗುಬ್ಬಿ ಹಾರಿದಳು, ಮೇಷ್ಟ್ರಿಗೆ ಹೆಸರು ಬಂತು. ಆಮೇಲೊಮ್ಮೆ ಗುಬ್ಬಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು, ಎಲ್ಲಿ ತಗುಲಿದರೂ ಮೈ ಕಂದುತ್ತಿತ್ತು. "ವಯಸ್ಸಾಯ್ತು ಕಣೆ ಅಕ್ಕ" ಎಂದು ನಕ್ಕಳು. ಹಲ್ಲಿನವನು, ಅವಳ ಒಸಡಿನಲ್ಲಿ ರಕ್ತ ಒಸರುವುದನ್ನು ಮೊದಲು ಕಂಡವನು, ನಗಲಿಲ್ಲ. ಮಾರನೇ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದ. ರಕ್ತದ ಕ್ಯಾನ್ಸರ್ ಎಂದರು.

ಅಕ್ಕನ ಕಣ್ಣಮುಂದೆ ಬಂದದ್ದು ಆ ಗೀಟು, ನೆಟ್ಟಗೆ ಏರಿ ಸೊನ್ನೆಗೆ ಬಿದ್ದದ್ದು. ಆವತ್ತಿನಿಂದ ಅವಳ ತಲೆಯಲ್ಲಿ ಬೇರೆ ಮಾತಿಗೆ ಜಾಗವೇ ಇಲ್ಲದಂತಾಯಿತು. ಡಾಕ್ಟರಮ್ಮನ ಬೆನ್ನು ಬಿದ್ದಳು.

"ಆವತ್ತಿನ ಕಿರಣದಿಂದಲೇ ಬಂತಾ ಡಾಕ್ಟ್ರೇ? ಹೌದೋ ಅಲ್ಲವೋ ಅಷ್ಟು ಹೇಳಿ."

ಡಾಕ್ಟರಮ್ಮ ಸಹನೆಯವರು. "ಬಂದಿರಬಹುದು, ಬಂದಿಲ್ಲದೇನೂ ಇರಬಹುದು. ಜನ್ಮದಲ್ಲಿ ವಿಮಾನ ಹತ್ತದೇ ಇರೋರಿಗೂ ಈ ಕಾಯಿಲೆ ಬರುತ್ತೆ. ಎಷ್ಟು ತಾಗಿತ್ತು ಅಂತ ಗೊತ್ತಿದ್ರೆ ಏನಾದ್ರೂ ಹೇಳಬಹುದಿತ್ತು."

ಎಷ್ಟು ತಾಗಿತ್ತು ಎಂದು ಗೊತ್ತಿಲ್ಲ. ಅಕ್ಕ ಮೇಷ್ಟ್ರ ಬಳಿ ಹೋದಳು. ಅವರು ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು: ಕಿರಣ ಹುಟ್ಟಿದ ಜಾಗ ಇಷ್ಟು ದೂರವಿದ್ದರೆ ಏನೇನೂ ಇಲ್ಲ, ಇಷ್ಟು ಹತ್ತಿರವಿದ್ದರೆ ಬಹಳ. ನಡುವಿನ ಅಂತರದಲ್ಲಿ ಒಂದು ಊರೇ ಹಿಡಿಸುವಂತಿತ್ತು. "ನಿಮ್ಮ ಡಬ್ಬಿ ಅಲ್ಲಮ್ಮ, ಯಾರ ಡಬ್ಬಿಯಾಗಿದ್ರೂ ಆವತ್ತು ಕುರುಡಾಗ್ತಿತ್ತು" ಎಂದರು ಮೇಷ್ಟ್ರು. ಸಮಾಧಾನಕ್ಕೆ ಹೇಳಿದ ಆ ಮಾತು ಅಕ್ಕನಿಗೆ ಉರಿ ಹತ್ತಿಸಿತು. ಅವಳು ಎದ್ದು ಬಂದಳು. ಅಂದಿನಿಂದ ಕೆಲಸದ ಮಾತು ಬಿಟ್ಟರೆ ಮೇಷ್ಟ್ರ ಜೊತೆ ಒಂದು ಮಾತೂ ಆಡಲಿಲ್ಲ. ಅದೇ ವಿಮಾನದಲ್ಲಿ ಕೂತಿದ್ದ ಮನುಷ್ಯ ಗುಂಡುಕಲ್ಲಿನ ಹಾಗಿದ್ದಾನೆ, ನನ್ನ ಗುಬ್ಬಿ ಮಲಗಿದ್ದಾಳೆ ಎಂಬುದನ್ನು ಅವಳು ಸಹಿಸದಾದಳು.

ಅಕ್ಕನ ಅಸ್ಥಿಮಜ್ಜೆ ತಂಗಿಗೆ ಹೊಂದಿತು. ಸೊಂಟದ ಮೂಳೆಯಿಂದ ತೆಗೆದು ಗುಬ್ಬಿಗೆ ಹಾಕಿದರು. ಗಾಜಿನ ಗೋಡೆಯ ಕೋಣೆಯೊಳಗೆ ಗುಬ್ಬಿ, ಕೂದಲಿಲ್ಲದ ತಲೆಗೆ ಟೋಪಿ ಹಾಕಿಕೊಂಡು, ಆಚೆ ನಿಂತ ಅಕ್ಕನಿಗೆ ಫೋನಿನಲ್ಲಿ ಹೇಳಿದಳು: "ನಿನ್ನ ಒಣ ಕೋಣೇಲಿ ನಾನು ಬಂದು ಕೂತ ಹಾಗಾಯ್ತು ನೋಡು. ಡಬ್ಬಿ ಮುಚ್ಚಿಬಿಡು ಬೇಗ, ಹಳದಿಗಟ್ಟಿಬಿಟ್ಟೇನು."

ಹಾಕಿದ ಮಜ್ಜೆ ಬೇರು ಹಿಡಿಯಿತು. ಗುಬ್ಬಿಯ ಕೆನ್ನೆಗೆ ಬಣ್ಣ ಬಂತು. ಒಂದು ವರ್ಷದ ಹತ್ತಿರ ಹತ್ತಿರ ಚೆನ್ನಾಗಿದ್ದಳು. ಆ ದಿನಗಳಲ್ಲೇ ಅವಳಿಗೊಂದು ಹಟ ಹಿಡಿಯಿತು. ಇಷ್ಟು ವರ್ಷ ಹ್ಯಾಂಗರಿನ ಹಿಂದೆಯೇ ದುಡಿದ ಅಕ್ಕ ಒಮ್ಮೆಯೂ ವಿಮಾನ ಹತ್ತಿರಲಿಲ್ಲ, ಹತ್ತಲೇಬೇಕು. ಗುಬ್ಬಿಗೆ ಓಡಿಸುವ ಅಪ್ಪಣೆ ಇರಲಿಲ್ಲ, ಜೊತೆಯ ಚಾಲಕನನ್ನು ಕಾಡಿ ಬೇಡಿ ಒಪ್ಪಿಸಿದಳು. ಬೆಳಗಿನ ಬಿಸಿಲಲ್ಲಿ ಮೇಲೇರಿದರು. ಅಕ್ಕ ಮೊದಲಿಗೆ ಕಾಗದದ ಚೀಲ ತುಂಬ ವಾಂತಿ ಮಾಡಿಕೊಂಡಳು. ಗುಬ್ಬಿ ಬಿದ್ದು ಬಿದ್ದು ನಕ್ಕಳು, ಆಮೇಲೆ ತನ್ನ ಕರವಸ್ತ್ರದಿಂದ ಅವಳ ಬಾಯಿ ಒರೆಸಿ, ತಲೆಯನ್ನು ಕಿಟಕಿಯ ಕಡೆ ತಿರುಗಿಸಿದಳು. ದೂರದಲ್ಲಿ, ಸಮುದ್ರದ ಮೇಲೆಲ್ಲೋ, ಗುಡುಗು ಮೋಡವೊಂದು ನಿಂತಿತ್ತು. ತಲೆ ಚಪ್ಪಟೆಯಾಗಿ ಹರಡಿ, ಮೈತುಂಬ ಬೆಳಕು ಹೊತ್ತು.

"ಇಷ್ಟು ಚೆಂದ ಇರುತ್ತೆ ಅಂತ ನೀನು ಹೇಳಲೇ ಇಲ್ವಲ್ಲೇ."

"ಬಂದಾಗಲೆಲ್ಲ ಹೇಳ್ತಿದ್ದೆ. ನಿಂಗೆ ಡಬ್ಬಿ ಚಿಂತೆ."

ಅಕ್ಕ ಆ ಮೋಡವನ್ನು ನೋಡುತ್ತಲೇ ಇದ್ದಳು. ಅದರ ಮೇಲೆ ಸಿಟ್ಟು ಬರುತ್ತದೆಂದು ಕಾದಳು. ಬರಲಿಲ್ಲ.

ಮಳೆಗಾಲ ಹಿಡಿಯುವಷ್ಟರಲ್ಲಿ ಕಾಯಿಲೆ ಮರಳಿತು. ಈ ಸಲ ಡಾಕ್ಟರಮ್ಮ ಹೆಚ್ಚು ಮಾತಾಡಲಿಲ್ಲ. ಹಲ್ಲಿನವನು ತನ್ನ ಕಟ್ಟುಹಲ್ಲಿನ ಅಂಗಡಿಯ ಬಾಗಿಲು ಹಾಕಿ ಹಾಸಿಗೆಯ ಪಕ್ಕ ಕೂತ. ಅಕ್ಕ ಮಾತ್ರ ಸುಮ್ಮನಿರಲಾರದೆ ಹೋದಳು. ಗುಬ್ಬಿಯ ಕಾಯಿಲೆ ಆ ಹಾರಾಟದಿಂದಲೇ ಬಂದದ್ದೆಂದು ಮೇಷ್ಟ್ರು ಎಲ್ಲರೆದುರು ಒಪ್ಪಿಕೊಳ್ಳಬೇಕು ಎಂದು ಸಂಸ್ಥೆಯ ಮುಖ್ಯಸ್ಥರ ಕೋಣೆಗೇ ನುಗ್ಗಿ ಗಲಾಟೆ ಮಾಡಿದಳು. ಸುದ್ದಿ ಆಸ್ಪತ್ರೆಗೆ ಮುಟ್ಟಿತು. ಸಂಜೆ ಅಕ್ಕ ಗಂಜಿಯ ಡಬ್ಬಿ ಹಿಡಿದು ಬಂದಾಗ ಗುಬ್ಬಿ ದಿಂಬಿಗೆ ಒರಗಿ ಕಾಯುತ್ತಿದ್ದಳು.

"ಏನು ಮಾಡ್ಬಂದೆ ನೀನು?"

"ಕಾರಣ ಕೇಳ್ದೆ. ತಪ್ಪಾ?"

"ಕಾರಣ ಸಿಕ್ರೆ ಏನ್ ಮಾಡ್ತೀಯ? ಉಪ್ಪು ಹಚ್ಕೊಂಡು ನೆಕ್ತೀಯಾ?"

"ಗುಬ್ಬಿ, ನಿಂಗೆ ಗೊತ್ತಾಗಲ್ಲ..."

"ನಂಗೇ ಗೊತ್ತಾಗೋದು." ಗುಬ್ಬಿಗೆ ಉಸಿರು ಸಾಲದೆ ಮಾತು ತುಂಡಾಗುತ್ತಿತ್ತು. "ನನ್ನ ಬದುಕಲ್ಲಿ ನಾನು ಇಷ್ಟಪಟ್ಟು ಮಾಡಿದ್ದು ಒಂದೇ ಕೆಲಸ ಅಕ್ಕ. ಅದನ್ನೇ ನನ್ನ ಸಾವಿಗೆ ಕಾರಣ ಮಾಡ್ಬೇಡ. ಅದೊಂದನ್ನ ನಂಗೆ ಬಿಟ್ಬಿಡು."

ಅಕ್ಕ ಗಂಜಿಯ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಆಯಿತು ಎನ್ನಬೇಕಿತ್ತು. ನಾಲಿಗೆ ತುದಿಯವರೆಗೆ ಬಂತು, ಹೊರಗೆ ಬೀಳಲಿಲ್ಲ. "ಆರೋಗುತ್ತೆ, ಕುಡಿ" ಎಂದಳು. ಗುಬ್ಬಿ ಮುಖ ತಿರುಗಿಸಿಕೊಂಡಳು. ಮಾರನೇ ದಿನ ಅವಳಿಗೆ ಜ್ವರ ಏರಿತು. ಮಾತು ಗುರುತು ಎರಡೂ ಹೋದವು. ವಾರ ಕಳೆಯುವುದರೊಳಗೆ ತೀರಿಕೊಂಡಳು. ಆ ಸಂಜೆಯ ಮಾತನ್ನು ಸರಿಮಾಡಿಕೊಳ್ಳಲು ಅಕ್ಕನಿಗೆ ಎಡೆಯೇ ಸಿಗಲಿಲ್ಲ.

ತಿಂಗಳು ಕಳೆದ ಮೇಲೆ ಅಕ್ಕ ಮತ್ತೆ ಒಣ ಕೋಣೆಗೆ ಹೋದಳು. ಕೆಲಸ ಬಿಡುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಮೇಷ್ಟ್ರು ಹೊಸ ಡಬ್ಬಿಯ ನಕ್ಷೆ ಕಳಿಸಿದರು. ದೊಡ್ಡ ಹರಳಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಸಣ್ಣ ಹರಳುಗಳು. ಕಿರಣದ ಪ್ರವಾಹ ಬಂದು ದೊಡ್ಡದು ಕುರುಡಾದರೂ ಸಣ್ಣವಕ್ಕೆ ಸ್ವಲ್ಪವೇ ತಾಗುವುದರಿಂದ ಅವು ಎಣಿಸುತ್ತಲೇ ಇರುತ್ತವೆ. ಅಕ್ಕ ನಕ್ಷೆಯನ್ನು ಗೋಡೆಗಂಟಿಸಿ ಕೆಲಸ ಶುರು ಮಾಡಿದಳು. ಸಣ್ಣ ಹರಳು ಚಿಮಟದಿಂದ ಜಾರಿದರೆ ನೆಲದ ಮೇಲೆ ಮಂಡಿಯೂರಿ ಹುಡುಕುತ್ತಿದ್ದಳು. ಒಮ್ಮೆ ಹಾಗೆ ಹುಡುಕುತ್ತಿದ್ದವಳು ಬಹಳ ಹೊತ್ತು ಏಳಲೇ ಇಲ್ಲ. ಗಾಜಿನಾಚೆ ಇದ್ದವರು ನೋಡಿಯೂ ನೋಡದವರ ಹಾಗೆ ಆಚೆ ಸರಿದರು.

ಹೊಸ ಡಬ್ಬಿಗಳು ಹಲವು ಮಳೆಗಾಲ ಹಾರಿದವು, ಬೇರೆಯವರ ಜೊತೆ. ಅಕ್ಕನ ಕೂದಲು ಬೆಳ್ಳಗಾಯಿತು, ನಿವೃತ್ತಿಯೂ ಆಯಿತು. ಎರಡು ಕೋಣೆಯ ಮನೆ, ಕೆಳಗಡೆ ಚಪ್ಪಲಿ ಅಂಗಡಿ, ಭಾನುವಾರ ತಪ್ಪದೆ ಬರುವ ಹಲ್ಲಿನವನು. ಅವನು ಮತ್ತೆ ಮದುವೆಯಾಗಲಿಲ್ಲ; ಅಕ್ಕನೇ ಹೇಳಿ ನೋಡಿದಳು, ಅವನು "ನೋಡೋಣ ಅತ್ತಿಗೆ" ಎಂದು ಮುಂದೂಡಿ ಮುಂದೂಡಿ ಮುದುಕನಾದ.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ್ದು ಮೇಷ್ಟ್ರು. ಮೆಟ್ಟಿಲು ಹತ್ತಿದ ದಣಿವಿಗೆ ಕೋಲು ಹಿಡಿದು ನಿಂತೇ ಉಸಿರು ತೆಗೆದುಕೊಂಡರು. ಅಕ್ಕ ಕುರ್ಚಿ ಎಳೆದು ಹಾಕಿ, ನೀರು ತಂದುಕೊಟ್ಟಳು.

"ಹೇಳಿ ಹೋಗೋಣ ಅಂತ ಬಂದೆ" ಎಂದರು. "ಡಬ್ಬಿಗಳ ಲೆಕ್ಕ ಎಲ್ಲ ಕೂಡಿಸಿ ನೋಡಿದ್ವಿ. ಮೋಡಗಳು ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಸಲ ಕಿರಣ ಬಿಡ್ತವೆ. ಕೆಲವು ಸಲ ನಿಮಿಷಗಟ್ಟಲೆ, ಕೆಂಡದ ಹಾಗೆ ಮೆಲ್ಲಗೆ. ಆದ್ರೆ ಆವತ್ತಿನ ಹಾಗೆ ಮೋಡದ ಪಕ್ಕದಲ್ಲೇ ಹಾರಿದಾಗ ಸಿಕ್ಕಿದ್ದೆಲ್ಲ ಸಣ್ಣವು. ದೊಡ್ಡ ಡಬ್ಬಿ ಕುರುಡಾಗೋಕೆ ಸಾಕು, ಮನುಷ್ಯರಿಗೆ ಹಾನಿ ಮಾಡೋಕೆ ಸಾಲದು."

"ಅಂದ್ರೆ ಅದರಿಂದ ಬಂದಿದ್ದಲ್ಲ."

"ಬಹುಶಃ ಅಲ್ಲ. ಆವತ್ತಿಂದು ಆವತ್ತಿಗೇ ಹೋಯ್ತು, ಅದನ್ನ ವಾಪಸು ಅಳೆಯೋಕಾಗಲ್ಲ. ಬಹುಶಃ ಅಂತಷ್ಟೇ ಹೇಳಬಲ್ಲೆ."

ಅಕ್ಕ ಎಷ್ಟೋ ವರ್ಷ ಕಾದದ್ದು ಒಂದು ಉತ್ತರಕ್ಕೆ. ಈಗ ಬಂದಿತ್ತು, ಅದೂ ಅರ್ಧ. ಅವಳಿಗೆ ಹಗುರವಾಗಲಿಲ್ಲ. ದೂರಲು ಒಂದು ಮೋಡವಾದರೂ ಇತ್ತು ಇಷ್ಟು ದಿನ. ಈಗ ಅದೂ ಕೈಬಿಟ್ಟು, ಗುಬ್ಬಿ ಯಾವ ಕಾರಣವೂ ಇಲ್ಲದೆ ಸುಮ್ಮಸುಮ್ಮನೆ ಸತ್ತ ಹಾಗಾಯಿತು. ಲೋಟ ಎತ್ತಿಕೊಳ್ಳಲು ಬಗ್ಗಿದವಳು ಮೇಷ್ಟ್ರ ಮುಖ ನೋಡಿದಳು.

"ನಾನು ಅವಳ ಬೆನ್ನ ಹಿಂದೇನೇ ಕೂತಿದ್ದೆ ಅಮ್ಮ" ಎಂದರು. "ಅವಳಿಗೆ ಕಾಯಿಲೆ ಅಂತ ಗೊತ್ತಾದ ದಿನದಿಂದ, ಪ್ರತಿಸಲ ಪರೀಕ್ಷೆಗೆ ರಕ್ತ ಕೊಟ್ಟು ಬಂದಾಗ್ಲೂ ಇವತ್ತು ನಂಗೂ ಅದೇ ಬರುತ್ತೆ ಅಂತ ಕಾದೆ. ಬರಲಿಲ್ಲ. ಬರದೇ ಇದ್ದಿದ್ದಕ್ಕೆ ಸಂತೋಷಪಡೋಕೂ ಆಗಲಿಲ್ಲ. ನಿಮ್ಮ ಮುಖ ನೋಡೋಕೆ ನಾಚಿಕೆ."

ಇಷ್ಟು ವರ್ಷ ಅಕ್ಕ ಇವರ ಆರೋಗ್ಯವನ್ನೇ ಶಪಿಸುತ್ತಿದ್ದಳು. ಆರೋಗ್ಯವಾಗಿದ್ದೂ ಅವರು ದಿನಾ ಹೆದರುತ್ತಿದ್ದರು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಎದುರಿನ ಮಂಚದ ಮೇಲೆ ಕೂತಳು.

"ಅವಳು ನಿಮ್ಮನ್ನ ಯಾವತ್ತೂ ಬೈಯಲಿಲ್ಲ ಮೇಷ್ಟ್ರೇ" ಎಂದಳು. "ನನ್ನನ್ನೇ ಬೈದಳು."

ಅಷ್ಟರಲ್ಲಿ ಹಲ್ಲಿನವನು ಬಂದ. ಮೇಷ್ಟ್ರನ್ನು ಕಂಡು ಕೈಮುಗಿದು, ವಿಷಯ ಕೇಳಿಕೊಂಡ. ಅಕ್ಕ ಹೇಳುವಾಗ ಅವನು ತಲೆ ಎತ್ತಲಿಲ್ಲ.

"ನಿಂಗೆ ಏನೂ ಅನ್ಸಲ್ವಾ?" ಎಂದಳು ಅಕ್ಕ.

"ನಾನು ಯಾವತ್ತೂ ಕಾರಣ ಕೇಳಲಿಲ್ಲ ಅತ್ತಿಗೆ. ನೀವು ಹೇಳ್ತಿದ್ರಿ, ನಾನು ಕೇಳಿಸ್ಕೋತಿದ್ದೆ" ಎಂದ ಅವನು. "ಕಾರಣ ಯಾವುದಾದ್ರೂ, ಅವಳಂತೂ ಇಲ್ವಲ್ಲ."

ಮೇಷ್ಟ್ರು ಎದ್ದರು. ಮೆಟ್ಟಿಲು ಕಡಿದು, ಹಿಡಿಯಲು ಕಂಬಿಯಿಲ್ಲ. ಹಲ್ಲಿನವನು ಮುಂದೆ ಇಳಿದ, ಅಕ್ಕ ಹಿಂದಿನಿಂದ ಅವರ ತೋಳು ಹಿಡಿದುಕೊಂಡಳು. ಒಂದೊಂದೇ ಮೆಟ್ಟಿಲು ಇಳಿಸುತ್ತ, ಇದು ಸಣ್ಣದು, ಇದು ಮುರಿದಿದೆ ಎಂದು ಹೇಳುತ್ತ, ಚಪ್ಪಲಿ ಅಂಗಡಿಯ ಮುಂದಿನವರೆಗೂ ತಂದು ಬಿಟ್ಟಳು. ಬಸ್ಸು ಬರುವವರೆಗೂ ಮೂವರೂ ಅಲ್ಲೇ ನಿಂತಿದ್ದರು.